ಒಂಟಿ ಬತ್ತಿಯ ದೀಪ

ಹಣತೆಯನ್ನು ಆರಿಸುವ ಧೈರ್ಯ ಅಲ್ಲಿದ್ದ ಒಬ್ಬರಿಗೂ ಬರಲಿಲ್ಲ.

ಒಂದು ಕಾಲಕ್ಕೆ ಮಕ್ಕಳ ಕ್ಲಿನಿಕ್ ಆಗಿದ್ದು ಈಗ ಡಾಕ್ಟರ್ ವೇದವತಿಯವರ ಚುನಾವಣಾ ಆಫೀಸಾಗಿರುವ ಮಳಿಗೆ ಅದು. ಅದರ ಹಿಂದಿನ ಕೋಣೆಯಲ್ಲಿ, ಶನಿವಾರದ ಮಟಮಟ ಮಧ್ಯಾಹ್ನ, ಮೇಜಿನ ಮೇಲೆ ಮಣ್ಣಿನ ಹಣತೆಯೊಂದು ಉರಿಯುತ್ತಿತ್ತು. ಅದರ ಹಿಂದೆ ಗೋಡೆಗೆ ಒರಗಿಸಿದ ದೊಡ್ಡ ಫೋಟೋ. ಫೋಟೋಗೆ ಬಿಳಿ ಸೇವಂತಿಗೆ ಹಾರ.

ಬದುಕಿರುವವರ ಫೋಟೋಗೆ ನಮ್ಮ ಕಡೆ ಯಾರೂ ಹಾರ ಹಾಕುವುದಿಲ್ಲ. ಬೇ ಏರಿಯಾದ ಈ ಡಬ್ಲಿನ್ನಿಗೆ ಬಂದು ಇಪ್ಪತ್ತು ವರ್ಷವಾಗಿ, ಕೈಯಲ್ಲಿ ಕಲಸಿ ಉಣ್ಣುವುದನ್ನು ಮರೆತವರೂ ಇದನ್ನು ಮರೆತಿರಲಿಲ್ಲ. ಬೆಳಗಿನ ಪ್ರಚಾರ ಮುಗಿಸಿ ಊಟಕ್ಕೆಂದು ಬಂದವರೆಲ್ಲ ಬಾಗಿಲಲ್ಲೇ ಗುಂಪುಗೂಡಿ ನಿಂತಿದ್ದರು. ಚಿತ್ರಾನ್ನದ ಡಬ್ಬಿ ತೆರೆದವರಿಲ್ಲ.

"ಆಂಟಿ, ಡಾಕ್ಟರ್ ಆಂಟಿ ಈಸ್ ಓಕೆ, ರೈಟ್?" ಎಂದಳು ಗಾನವಿ. ಪ್ರಚಾರದ ಉಸ್ತುವಾರಿಯೆಲ್ಲ ಅವಳದೇ. ಇಲ್ಲೇ ಹುಟ್ಟಿದ ಹುಡುಗಿ. ಹಾರದ ಅರ್ಥ ಅವಳಿಗೆ ಯಾರೋ ಆಗಷ್ಟೇ ಹೇಳಿದ್ದರು, ಮುಖ ಸುಣ್ಣದ ಹಾಗಾಗಿತ್ತು.

ಅವಳು ಕೇಳಿದ್ದು ವಿಭಾಳನ್ನು. ಮೈಸೂರಿನ ಈ ಹೆಂಗಸು ಹದಿನಾಲ್ಕು ವರ್ಷ ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿ, ಈಗ ಲೈಸೆನ್ಸು ಪಡೆದು ಸ್ವಂತವಾಗಿ ಪತ್ತೇದಾರಿಕೆ ನಡೆಸುತ್ತಿದ್ದಳು. ಇಲ್ಲದ ಬೆನ್ನುನೋವು, ತಾನಾಗಿ ಹತ್ತಿಕೊಂಡ ಅಂಗಡಿ, ಕದ್ದವನೇ ದೂರು ಕೊಟ್ಟ ಕಾರು ಎಲ್ಲವನ್ನೂ ನೋಡಿದವಳು. ಸುಲಭಕ್ಕೆ ನಂಬುವ ಜಾಯಮಾನವಲ್ಲ.

"ಚೆನ್ನಾಗಿದ್ದಾರೆ. ನೀವೆಲ್ಲ ಊಟ ಮಾಡಿ," ಎಂದಳು.

ಬರಿಯ ಸಮಾಧಾನದ ಮಾತಾಗಿರಲಿಲ್ಲ ಅದು. ಬುಧವಾರ ಸಂಜೆಯಿಂದ ಕಾಣೆಯಾಗಿದ್ದ ವೇದವತಿಯವರನ್ನು ಅಂದು ಬೆಳಿಗ್ಗೆಯೇ ಅವಳು ಕಣ್ಣಾರೆ ಕಂಡಿದ್ದಳು. ಆದರೆ ಅದನ್ನು ಹೇಳಬೇಕಾದದ್ದು ಮೊದಲು ಅವರ ಗಂಡನಿಗೆ. ಅವಳನ್ನು ಈ ಕೆಲಸಕ್ಕೆ ನೇಮಿಸಿದವರು ಅವರು.

ಗಾನವಿ ಸುಮ್ಮನಾಗಲಿಲ್ಲ. "ಇದು ಸುಜಯ್ ಕಡೆಯವರದ್ದೇ ಕೆಲಸ. ನಂಗೊತ್ತು."

"ಬೀಗ ಒಡೆದಿಲ್ವಲ್ಲಮ್ಮ. ಕೀ ಯಾರ್ಯಾರ ಹತ್ತಿರ ಇದೆ?"

"ನನ್ನ ಹತ್ರ. ಡಾಕ್ಟರ್ ಆಂಟಿ ಹತ್ರ. ಆಮೇಲೆ..." ಹುಡುಗಿ ತುಟಿ ಕಚ್ಚಿಕೊಂಡಳು. "ಓ ಗಾಡ್. ಸುಜಯ್ ಹತ್ರ. ಮೊದಲು ಇದು ಅವನ ಆಫೀಸೇ ಅಲ್ವಾ? ವಿ ನೆವರ್ ಚೇಂಜ್ಡ್ ದ ಲಾಕ್."

ಅದೇ ಈ ಚುನಾವಣೆಯ ಸೊಗಸು. ಸುಜಯ್ ಬೇರೆ ಯಾರೋ ಅಲ್ಲ, ವೇದವತಿಯವರ ಗಂಡ ಶ್ರೀಕಂಠ ಅವರ ಅಣ್ಣನ ಮಗ. ಹೆತ್ತವರನ್ನು ಕಳೆದುಕೊಂಡ ಮೇಲೆ ಇವರ ಮನೆಯಲ್ಲೇ ಉಂಡು ಬೆಳೆದವನು. ರಾಜ್ಯದ ಅಸೆಂಬ್ಲಿಗೆ ಅವನನ್ನು ನಿಲ್ಲಿಸಿದ್ದೂ ಚಿಕ್ಕಮ್ಮನೇ. ಹಾಲಿ ಸದಸ್ಯನಿಗೆ ಮೊದಲ ಸ್ಥಾನ ಹೇಗೂ ಖಚಿತ. ಮಂಗಳವಾರದ ಪ್ರೈಮರಿ ಎಂಬ ಮೊದಲ ಸುತ್ತಿನಲ್ಲಿ ಎರಡನೆಯವನಾಗಿ ಬಂದರೆ ನವೆಂಬರಿನಲ್ಲಿ ಅವನೆದುರು ಸೆಣಸಬಹುದು ಎಂಬುದು ಲೆಕ್ಕ.

ಅಷ್ಟರಲ್ಲಿ ಸುಜಯ್‌ನ ಕಾರು ಸೈಕಲ್ಲಿನವನೊಬ್ಬನಿಗೆ ಗುದ್ದಿ ನಿಲ್ಲದೆ ಹೋಯಿತು. ಓಡಿಸುತ್ತಿದ್ದವಳು ನಾನೇ ಎಂದು, ಆಗ ಅವನ ಪ್ರಚಾರದಲ್ಲಿದ್ದ ಗಾನವಿಯ ಬಾಯಲ್ಲಿ ಅವನ ಕಡೆಯವರು ಹೇಳಿಸಿದರು. ಸುಳ್ಳೆಂದು ಬಯಲಾಗುವ ಹೊತ್ತಿಗೆ ಮತಪತ್ರದಲ್ಲಿ ಹೆಸರು ಬದಲಾಯಿಸುವ ಗಡುವು ದಾಟಿತ್ತು. ಚಿಕ್ಕಮ್ಮ ಸುಮ್ಮನೆ ಕೂರುವವರಲ್ಲ. ಹುಡುಗಿಯನ್ನು ತಮ್ಮ ಕಡೆ ಕರೆದುಕೊಂಡು, ತಾವೇ ರೈಟ್-ಇನ್ ಅಭ್ಯರ್ಥಿಯಾಗಿ ನಿಂತರು. ಮತಪತ್ರದಲ್ಲಿ ಅವರ ಹೆಸರಿಲ್ಲ. ಬೇಕೆನ್ನುವವರು ಖಾಲಿ ಗೆರೆಯ ಮೇಲೆ ತಮ್ಮ ಕೈಯಾರೆ ಬರೆಯಬೇಕು. ಅವರ ಇಂಜೆಕ್ಷನ್ನಿಗೆ ಅತ್ತು ಬೆಳೆದ ಮಕ್ಕಳ ಅಪ್ಪ ಅಮ್ಮಂದಿರು ಸಂತೋಷವಾಗಿಯೇ ಬರೆಯುತ್ತಿದ್ದರು.

ಬುಧವಾರದ ಸಭೆಯಲ್ಲಿ ವೇದವತಿ ಇನ್ನೊಂದು ಮಾತು ಹೇಳಿದರು. "ಆ ಕಾರಿನಲ್ಲಿ ಸುಜಯ್ ಜೊತೆ ಇನ್ನೊಬ್ಬರಿದ್ದರು. ಯಾರು ಅಂತ ಸೋಮವಾರ ಹೇಳ್ತೀನಿ." ಅಂದೇ ಸಂಜೆ ಅವರು ಮಾಯ. ಸೋಮವಾರದೊಳಗೆ ಅವರ ಬಾಯಿ ಮುಚ್ಚಿಸಬೇಕಾದವರು ಯಾರೋ ಇದ್ದಾರೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ವಿಭಾ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೊಂಡಳು. ಮೇಜಿನ ಮುಂದೆ ಮಂಡಿಯೂರಿ ಕೂತಳು.

ಹಣತೆಯಲ್ಲಿ ಒಂದೇ ಬತ್ತಿ. ದೇವರ ದೀಪಕ್ಕಾದರೆ ಎರಡು ಬತ್ತಿ ಸೇರಿಸಿ ಹೊಸೆಯುತ್ತಾರೆ. ಒಂಟಿ ಬತ್ತಿ ಹೆಣದ ತಲೆದೆಸೆಗೆ. ಮೇಜು ಗೋಡೆಗೆ ಸರಿಯಾಗಿರದೆ ಓರೆಯಾಗಿತ್ತು. ಕಾರ್ಪೆಟ್ಟಿನ ಮೇಲೆ ಅದನ್ನು ಎಳೆದ ಗುರುತು ಹಸಿಯಾಗಿತ್ತು. ಫೋನಿನ ದಿಕ್ಸೂಚಿ ತೆಗೆದು ಪಕ್ಕದಲ್ಲಿಟ್ಟಳು. ಬತ್ತಿಯ ತುದಿ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ದಕ್ಷಿಣಕ್ಕೆ ಮುಖ ಮಾಡಿತ್ತು.

ಹೆದರಿಸಲು ಬಂದವನು ಹಾರ ಎಸೆದು ಓಡುತ್ತಾನೆ. ಯಮನ ದಿಕ್ಕು ಹುಡುಕಿ ಮೇಜು ತಿರುಗಿಸುವ ತಾಳ್ಮೆ ಅವನಿಗೆಲ್ಲಿಂದ ಬರಬೇಕು? ಇದು ಬೆದರಿಕೆಯಲ್ಲ. ಯಾರೋ ಅಳುತ್ತಾ, ಶ್ರದ್ಧೆಯಿಂದ, ಸತ್ತವರಿಗೆ ಮಾಡಬೇಕಾದದ್ದನ್ನು ಮಾಡಿ ಹೋಗಿದ್ದಾರೆ.

ಫೋಟೋದಲ್ಲಿ ವೇದವತಿ ಕುರ್ಚಿಯಲ್ಲಿ ಕೂತು ನಗುತ್ತಿದ್ದರು, ಕೊರಳಲ್ಲಿ ಸ್ಟೆತಾಸ್ಕೋಪು. ಕ್ಲಿನಿಕ್ ಶುರುವಾದ ದಿನ ತೆಗೆದದ್ದಿರಬೇಕು, ಹಿಂದೆ ಗಂಡ ಶ್ರೀಕಂಠ ಕೈಕಟ್ಟಿ ನಿಂತಿದ್ದರು. ಫೋಟೋದ ಕಟ್ಟಿನ ಮೇಲೆ ಒಂದು ಗಂಧದ ಬೊಟ್ಟು. ಅರಿಸಿನ ಇಲ್ಲ, ಕುಂಕುಮ ಇಲ್ಲ. ಅವಸರದಲ್ಲಿ ಮರೆತಿರಬೇಕು ಎಂದುಕೊಂಡಳು.

ಹಾಗಾದರೆ ವೇದವತಿ ಸತ್ತರೆಂದು ಒಬ್ಬರು ಗಟ್ಟಿಯಾಗಿ ನಂಬಿದ್ದಾರೆ. ಅವರೋ ಬದುಕಿದ್ದಾರೆ. ಸಾಯಿಸಿದೆ ಎಂದುಕೊಂಡವನಲ್ಲದೆ ಇನ್ಯಾರು ಹಾಗೆ ನಂಬುತ್ತಾರೆ?

ಆಫೀಸಿನ ಹಿಂದಿನ ಪಾರ್ಕಿಂಗಿಗೆ ಬಂದು ಅವಳು ಶ್ರೀಕಂಠರಿಗೆ ಫೋನ್ ಮಾಡಿದಳು.

ಶ್ರೀಕಂಠರನ್ನು ಅವಳು ಎದುರೆದುರು ಕೂತು ಮಾತಾಡಿಸಿದವಳೇ ಅಲ್ಲ. ಹೆಂಡತಿ ಒಂದು ಕಡೆ, ಸಾಕಿದ ಮಗ ಒಂದು ಕಡೆ ನಿಂತಾಗ ಆ ಮನುಷ್ಯ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು, ಫಾಸ್ಟರ್ ಸಿಟಿಯ ಲಗೂನ್ ಎಂಬ ಹಿನ್ನೀರಿನ ಪಕ್ಕದ ತಮ್ಮ ಹಳೆಯ ಮನೆಗೆ ಹೋಗಿ ಒಬ್ಬರೇ ಇದ್ದುಬಿಟ್ಟಿದ್ದರು. ಗುರುವಾರ ರಾತ್ರಿ ಫೋನಿನಲ್ಲೇ ಕೆಲಸ ಒಪ್ಪಿಸಿದ್ದರು. ಪತ್ರಿಕೆಯವರು ಕಾಯುತ್ತಿರುತ್ತಾರೆ, ಮನೆಗೆ ಬರಬೇಡಿ ಎಂದಿದ್ದರು. ಪರಿಚಯ ಹೇಳಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಪ್ರತಿ ವರ್ಷದ ರಾಜ್ಯೋತ್ಸವದಲ್ಲಿ ನಿರೂಪಣೆ ಅವರದೇ. ಆ ತುಂಬು ಕಂಠ ಬೇ ಏರಿಯಾದ ಕನ್ನಡಿಗರಿಗೆಲ್ಲ ಗೊತ್ತು.

"ಸರ್, ನಿಮ್ಮ ಮನೆಯವರು ಸಿಕ್ಕಿದ್ರು."

ಆ ಕಡೆಯಿಂದ ದನಿ ಬಂತು. "ಎಲ್ಲಿ?"

"ಇಲ್ಲೇ ಡಬ್ಲಿನ್ನಲ್ಲಿ, ನಮ್ಮ ಕನ್ನಡ ಕೂಟದ ಜಯರಾಮ್ ಅವರ ಮನೇಲಿ. ಮುದ್ದೆ, ಟೀ ಬಿಟ್ಟು ಬೇರೇನೂ ಕಾಣದ ಮನೆ ಅದು. ಅವರ ತಾಯಿ ನಿನ್ನೆ ಗ್ರೋಸರೀಲಿ ಫಿಲ್ಟರ್ ಕಾಫಿಪುಡಿ ತಗೊಳ್ತಿದ್ರು. ಅನುಮಾನ ಬಂದು ಬೆಳಿಗ್ಗೆ ಹೋಗಿ ನೋಡಿದೆ. ಮೇಡಮ್ಮು ಕಿಟಕಿ ಹತ್ರ ಲೋಟ ಹಿಡ್ಕೊಂಡು ಕೂತಿದ್ರು. ನಾನು ಮಾತಾಡಿಸಲಿಲ್ಲ."

"ಮನೆಯಲ್ಲಿ ಬೇರೆ ಯಾರಿದ್ದಾರೆ?"

"ಆ ತಾಯಿ ಹುಚ್ಚಮ್ಮ ಒಬ್ರೇ. ಮಿಕ್ಕವರು ಟಾಹೋಗೆ ಟ್ರಿಪ್ ಹೋಗಿದ್ದಾರೆ."

"ದೇವರು ದೊಡ್ಡವನು," ಎಂದಿತು ದನಿ.

ಕೆಟ್ಟ ಸುದ್ದಿ ಹೇಳುವುದೇ ಕಸುಬಾದ ವಿಭಾಳಿಗೆ ಒಳ್ಳೆಯ ಸುದ್ದಿ ಹೇಳುವ ಭಾಗ್ಯ ಅಪರೂಪ. "ಆದ್ರೆ ಸರ್, ಆತುರ ಬೇಡ. ನಿಮಗೂ ಹೇಳದೆ ಹೋಗಿದ್ದಾರೆ ಅಂದ್ರೆ ಏನೋ ಕಾರಣ ಇರುತ್ತೆ. ನಾನು ಸಂಜೆ ಹೋಗಿ ಮಾತಾಡ್ತೀನಿ."

"ಊಟ ಆಯ್ತಾ ವಿಭಾ?"

ಫೋನ್ ಮಾಡಿದಾಗಲೆಲ್ಲ ಕೊನೆಗೆ ಅದೊಂದು ಮಾತು. ಎಂಥ ಸಂಕಟದಲ್ಲೂ ಎದುರಿನವರ ಹೊಟ್ಟೆ ವಿಚಾರಿಸುವ ಹಳೇ ಕಾಲದ ಮನುಷ್ಯ. ಲಗೂನ್ ದಂಡೆಯಲ್ಲೇ ಕೂತಿದ್ದೇನೆ ಎಂದರು. ಆ ಕಡೆಯಿಂದ ಗಾಳಿಯ ಸದ್ದಾಗಲಿ ಹಕ್ಕಿಯ ಸದ್ದಾಗಲಿ ಇರಲಿಲ್ಲ. ಒಳ್ಳೆಯ ಫೋನಿರಬೇಕು ಎಂದುಕೊಂಡು ಅವಳು ಕಾರು ಹತ್ತಿದಳು.

ಸುಜಯ್ ಸಿಕ್ಕಿದ್ದು ದೇವಸ್ಥಾನದಲ್ಲಿ. ಸಿಕ್ಕಿದ್ದು ಎನ್ನುವುದಕ್ಕಿಂತ, ದೇವಸ್ಥಾನದ ಹೊರಗೆ.

ಟೈರ್ ಅಂಗಡಿಗೂ ಕರಾಟೆ ಶಾಲೆಗೂ ನಡುವೆ ಬಾಡಿಗೆ ಗೋದಾಮಿನಲ್ಲಿದ್ದ ಆಂಜನೇಯನಿಗೆ ಶನಿವಾರ ಸಂಜೆ ಜನವೋ ಜನ. ಗುಡ್ಡದ ಕಡೆಯಿಂದ ಎದ್ದ ಗಾಳಿ ಪಾರ್ಕಿಂಗಿನ ತುಂಬ ಒಣಹುಲ್ಲು ತಂದು ಚೆಲ್ಲುತ್ತಿತ್ತು. ಆ ಗಾಳಿಯಲ್ಲಿ, ಬಾಗಿಲಿಂದ ದೂರದಲ್ಲಿ, ಮರದ ಕೆಳಗೆ ಸುಜಯ್ ನಿಂತಿದ್ದ. ಬಂದವರ ಕೈ ಕುಲುಕುತ್ತಿದ್ದ.

ಚುನಾವಣೆ ಹತ್ತಿರ ಬಂದರೆ ನಾಸ್ತಿಕನೂ ಉದ್ದಂಡ ನಮಸ್ಕಾರ ಹಾಕುತ್ತಾನೆ. ಇವನು ಒಳಗೇ ಕಾಲಿಟ್ಟಿರಲಿಲ್ಲ.

"ವಾರ ವಾರ ಬರ್ತಿದ್ದ ಹುಡುಗ," ಎಂದರು ಅರ್ಚಕ ವೆಂಕಟಾಚಲ, ವಿಭಾಳ ಕೈಗೆ ಪುಳಿಯೋಗರೆಯ ಬಟ್ಟಲು ಕೊಡುತ್ತ. "ಈ ಸಲ ಕರೆದ್ರೂ ಒಳಗೆ ಬರ್ತಿಲ್ಲ. ಮುಖ ತೋರಿಸೋಕೆ ನಾಚಿಕೆಯೋ ಏನೋ."

ವಿಭಾ ಕಿಟಕಿಯಿಂದ ನೋಡುತ್ತ ನಿಂತಳು. ಕುರುಚಲು ಗಡ್ಡ. ಟೀವಿಗೆ ಬರುವ ಅಭ್ಯರ್ಥಿ ಚುನಾವಣೆಗೆ ಮೂರು ದಿನ ಇರುವಾಗ ಗಡ್ಡ ಬಿಡುವುದಿಲ್ಲ. ಅಜ್ಜಿಯೊಬ್ಬರು ಕೈಮುಗಿದರು, ಅವನು ತಲೆಯಾಡಿಸಿದ, ತಿರುಗಿ ಕೈ ಮುಗಿಯಲಿಲ್ಲ. ಎಲ್ಲರ ಕೈ ಕುಲುಕುತ್ತಾನೆ, ಯಾರಿಗೂ ಕೈ ಮುಗಿಯುವುದಿಲ್ಲ.

ಅವಳು ಬಟ್ಟಲು ಹಿಡಿದು ನೇರ ಅವನ ಮುಂದೆ ಹೋಗಿ ನಿಂತಳು. "ತಗೊಳ್ಳಿ ಸುಜಯ್, ಪ್ರಸಾದ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈ ಬೆನ್ನ ಹಿಂದೆ ಹೋದವು. ಬೆಂಕಿ ತೋರಿಸಿದ್ದರೂ ಅಷ್ಟು ಬೇಗ ಸರಿಯುತ್ತಿರಲಿಲ್ಲವೇನೋ.

"ನನ್ನ ಕಾರಲ್ಲಿ ಕೂತು ಮಾತಾಡೋಣ ಬನ್ನಿ," ಎಂದಳು ವಿಭಾ ತಗ್ಗಿದ ದನಿಯಲ್ಲಿ. "ಇಲ್ಲಾಂದ್ರೆ ಇಲ್ಲೇ ಎಲ್ಲರ ಮುಂದೆ ಕೇಳ್ತೀನಿ."

ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಗಾಳಿಯ ಸದ್ದು ನಿಂತಿತು. ಅವನ ಉಸಿರು ಮಾತ್ರ ಕೇಳುತ್ತಿತ್ತು.

"ಗಡ್ಡ ತೆಗೀತಿಲ್ಲ. ದೇವಸ್ಥಾನ ಹತ್ತಲ್ಲ. ಕೈ ಮುಗಿಯಲ್ಲ. ಪ್ರಸಾದ ಮುಟ್ಟಲ್ಲ. ನಿಮಗೆ ಸೂತಕ, ಸುಜಯ್. ಊರಿಗೆಲ್ಲ ಸುಳ್ಳು ಹೇಳೋಕೆ ಧೈರ್ಯ ಬಂತು, ಆಂಜನೇಯನ ಮುಂದೆ ಬರಲಿಲ್ಲ ಅಲ್ವಾ?"

ಅವನು ಕಿಟಕಿಯಾಚೆ ದೇವಸ್ಥಾನದ ಬಾಗಿಲ ಕಡೆ ಮುಖ ತಿರುಗಿಸಿದ.

"ಕ್ಲಿನಿಕ್ಕಲ್ಲಿ ದೀಪ ಹಚ್ಚಿದ್ದು ನೀವೇ. ಚಿಕ್ಕಮ್ಮನಿಗೆ ಏನು ಮಾಡಿದ್ರಿ? ಏನೋ ಮಾಡಿದ್ದೀರಿ, ಸತ್ತೋದ್ರು ಅಂದ್ಕೊಂಡಿದ್ದೀರಿ. ಕೇಳಿ, ಅವರು ಬದುಕಿದ್ದಾರೆ."

ಸುಜಯ್ ತಿರುಗಿ ಅವಳನ್ನು ನೋಡಿದ. ಆ ಮುಖದಲ್ಲಿ ಭಯ ಕಾಣಬಹುದು ಎಂದು ಅವಳು ಕಾದಿದ್ದಳು. ಕಂಡದ್ದು ಗೊಂದಲ.

"ಚಿಕ್ಕಮ್ಮ ಸತ್ರು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಆ ದೀಪ ಅವರಿಗೆ ಅಂತ ಯಾರು ಹೇಳಿದ್ರು?" ಅವನ ದನಿ ಒಡೆಯಿತು. "ಹೋಗಿದ್ದು ಚಿಕ್ಕಪ್ಪ."

ವಿಭಾಳಿಗೆ ಮೊದಲು ಅರ್ಥವೇ ಆಗಲಿಲ್ಲ.

ಆಮೇಲೆ ಆ ಫೋಟೋ ಕಣ್ಣ ಮುಂದೆ ಬಂತು. ಮುಂದೆ ಕೂತ ಹೆಂಗಸಿನ ಮುಖ ಬೀದಿಬೀದಿಯ ಬೋರ್ಡಿನಲ್ಲಿತ್ತು, ಎಲ್ಲರೂ ಅವರನ್ನೇ ನೋಡಿದರು. ಹಿಂದೆ ಕೈಕಟ್ಟಿ ನಿಂತ ಗಂಡಸನ್ನು ಒಬ್ಬರೂ ನೋಡಲಿಲ್ಲ. ಮುತ್ತೈದೆ ಸತ್ತರೆ ಅರಿಸಿನ ಕುಂಕುಮ ಇಡದೆ ಯಾರಾದರೂ ಕಳಿಸಿಕೊಡುತ್ತಾರೆಯೇ? ಗಂಧದ ಬೊಟ್ಟು ಮಾತ್ರ ಇತ್ತು. ಅವಸರದಲ್ಲಿ ಮರೆತದ್ದಲ್ಲ ಅದು. ಮರೆತವಳು ತಾನು.

"ಗುರುವಾರ ಬೆಳಿಗ್ಗೆ ಫಾಸ್ಟರ್ ಸಿಟಿಗೆ ಹೋದೆ," ಎಂದ ಸುಜಯ್. "ಹಿಂದಿನ ರಾತ್ರಿ ಅವರ ಜೊತೆ ಬಾಯಿಗೆ ಬಂದ ಹಾಗೆ ಜಗಳ ಆಡಿದ್ದೆ. ಕಾಲು ಹಿಡ್ಕೊಂಡು ಕ್ಷಮೆ ಕೇಳೋಣ ಅಂತ ಹೋದೆ. ನೀರಿನ ಕಡೆ ಮುಖ ಮಾಡಿ ಡೆಕ್ ಮೇಲೆ ಕುರ್ಚೀಲಿ ಕೂತಿದ್ರು. ಕಾಲು ಮುಟ್ಟಿದೆ. ಮಂಜುಗಡ್ಡೆ ಥರ ಇತ್ತು."

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಜಗಳ ಪಕ್ಕದ ಮನೆಯವರು ಕೇಳಿಸ್ಕೊಂಡಿದ್ರು. ಮೊದಲೇ ಸೈಕಲ್ ಕೇಸು. ನಾನೇ ಕೊಂದೆ ಅನ್ನಲ್ವಾ? ಓಡಿಬಂದೆ." ಅವನು ಅಳತೊಡಗಿದ. "ಸಾಕಿದೋರನ್ನ ಹಂಗೇ ಬಿಟ್ಟು ಬಂದೆ ಮೇಡಂ. ಮಧ್ಯಾಹ್ನ ಮನಸ್ಸು ತಡೀದೆ ವಾಪಸ್ ಹೋದೆ. ಕುರ್ಚಿ ಖಾಲಿ ಇತ್ತು."

"ಖಾಲಿ?"

"ಯಾರೂ ಇಲ್ಲ. ಪೊಲೀಸೂ ಇಲ್ಲ, ಆಂಬುಲೆನ್ಸೂ ಇಲ್ಲ. ಚಪ್ಪಲಿ ಮಾತ್ರ ಇತ್ತು. ಅವತ್ತು ಸಂಜೆ ಫೋನ್ ಬಂತು." ಅವನು ತನ್ನ ತೋಳನ್ನು ತಾನೇ ಉಜ್ಜಿಕೊಂಡ. "ಅವರ ನಂಬರೇ. ಅವರ ದನಿಯೇ. 'ಊಟ ಆಯ್ತಾ ಸುಜಯ್?' ಅಂದ್ರು."

ವಿಭಾಳ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು.

"ನಾನು ಹುಟ್ಟಿದಾಗಿಂದ ಅವರು ನನ್ನ ಹೆಸರು ಹಿಡಿದು ಕರೆದಿಲ್ಲ. ಮರಿ ಅಂತಾನೇ ಕರೀತಿದ್ದಿದ್ದು. ಸ್ಟೇಜ್ ಮೇಲೂ ಅಷ್ಟೇ. 'ಚಿಕ್ಕಪ್ಪ, ನಾನು ಮರಿ' ಅಂದೆ. 'ದೇವರು ದೊಡ್ಡವನು' ಅಂದ್ರು. ಏನು ಕೇಳಿದ್ರೂ ಅದೇ. ಚಿಕ್ಕಮ್ಮ ಎಲ್ಲಿದ್ದಾರೆ ಅಂತ ಮಾತ್ರ ಮತ್ತೆ ಮತ್ತೆ ಕೇಳಿದ್ರು." ಅವನು ಕಣ್ಣು ಒರೆಸಿಕೊಂಡ. "ಸಂಸ್ಕಾರ ಆಗಿಲ್ಲ, ಅದಕ್ಕೇ ಅಲೀತಿದ್ದಾರೆ. ದೀಪ ಆದ್ರೂ ಹಚ್ಚೋಣ ಅನ್ನಿಸ್ತು. ನನ್ನ ಹತ್ರ ಅವರದ್ದು ಒಂದು ಫೋಟೋನೂ ಇರಲಿಲ್ಲ, ಕ್ಲಿನಿಕ್ಕಲ್ಲಿದ್ದ ಆ ಹಳೇದೊಂದೇ ನೆನಪಾಯ್ತು."

"ದೆವ್ವ ಫೋನ್ ಮಾಡಲ್ಲ ಸುಜಯ್. ಕಂಪ್ಯೂಟರಲ್ಲಿ ಒಬ್ಬರ ದನಿ ಕದಿಯೋದು ಈಗ ಮಕ್ಕಳಾಟ. ಇಷ್ಟು ವರ್ಷದ ರಾಜ್ಯೋತ್ಸವದ ವಿಡಿಯೋ ಎಲ್ಲ ನೆಟ್ಟಲ್ಲೇ ಬಿದ್ದಿದೆ, ಯಾರು ಬೇಕಾದ್ರೂ..."

ಮಾತು ಅರ್ಧಕ್ಕೇ ನಿಂತಿತು.

ಗುರುವಾರ ರಾತ್ರಿ ಅವಳಿಗೆ ಕೆಲಸ ಒಪ್ಪಿಸಿದ್ದು ಆ ದನಿ. ಹೆಂಡತಿಯನ್ನು ಹುಡುಕಿಕೊಡಿ ಎಂದು ಅಂಗಲಾಚಿದ್ದು ಆ ದನಿ. ವೇದವತಿ ಯಾರಿಂದ ತಪ್ಪಿಸಿಕೊಂಡು ಕೂತಿದ್ದರೋ ಅವರಿಗೆ, ಮನೆಯ ಗುರುತು ಹೇಳಿ, ಕಾವಲಿಗೆ ಮುದುಕಿಯೊಬ್ಬಳೇ ಇದ್ದಾಳೆಂದೂ ಹೇಳಿ, ವಿಭಾ ತನ್ನ ಬಾಯಾರೆ ಒಪ್ಪಿಸಿಬಿಟ್ಟಿದ್ದಳು.

ಹದಿನಾಲ್ಕು ವರ್ಷ ಯಾರ ಸುಳ್ಳನ್ನೂ ನಂಬದವಳು ನಂಬಿದ್ದು ಇದೊಂದನ್ನು. ಊಟ ಆಯ್ತಾ ಎಂದು ಕೇಳಿದ್ದಕ್ಕೆ ನಂಬಿದ್ದಳು.

"ನೀವು ಪೊಲೀಸಿಗೆ, 911ಗೆ ಮಾಡಿ. ಜಯರಾಮ್ ಮನೆ ಅಡ್ರೆಸ್ ಕೊಡಿ, ಚಿಕ್ಕಮ್ಮ ಅಲ್ಲಿದ್ದಾರೆ," ಎಂದು ಸುಜಯ್‌ಗೆ ಕೂಗಿ ಹೇಳಿ ಕಾರು ಹೊರಡಿಸಿದಳು. ಇನ್ನೊಂದು ಕೈಯಲ್ಲಿ ಹುಚ್ಚಮ್ಮನ ನಂಬರು ಒತ್ತಿ ಸ್ಪೀಕರಿಗೆ ಹಾಕಿದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕೆಂಪು ದೀಪದಲ್ಲಿ ನಿಲ್ಲಲಿಲ್ಲ.

"ಯಾರವ್ವಾ?" ಮಂಡ್ಯದ ಮುದುಕಿಯ ನಿಧಾನದ ದನಿ.

"ಅಜ್ಜೀ, ನಾನು ವಿಭಾ, ಕನ್ನಡ ಕೂಟದವಳು. ಡಾಕ್ಟ್ರಮ್ಮನ್ನ ಕರೀರಿ. ಬಾಗಿಲು ಹಾಕ್ಕೊಳ್ಳಿ, ಯಾರು ಬಂದ್ರೂ ತೆಗೀಬೇಡಿ!"

"ಅಯ್ಯೋ, ಈಗ್ತಾನೆ ಹೋದ್ರಲ್ಲವ್ವ. ಅವ್ರ ಯಜಮಾನ್ರು ಫೋನ್ ಮಾಡುದ್ರು. 'ವೇದಾ, ಆಚೆ ಕಾರಲ್ಲಿ ಕಾಯ್ತಿವ್ನಿ, ಮನೆಗೆ ಹೋಗವ ಬಾ' ಅಂದ್ರಂತೆ. ಆ ತಾಯಿ ಕಣ್ಣಲ್ಲಿ ನೀರ್ ಹಾಕ್ಕಂಡು ಬರೀ ಕಾಲಲ್ಲೇ ಓಡೋದ್ಳು."

"ಬರೀ ದನಿ ಕೇಳಿ ಹೋದ್ರಾ? ಕಾರಲ್ಲಿ ಯಾರಿದ್ರು? ಓಡಿಸ್ತಿದ್ದೋರು ಯಾರು, ನೋಡಿದ್ರಾ ಅಜ್ಜೀ?"

"ಓಡುಸ್ತಿದ್ದೋರ್ನ ನಾನೆಲ್ಲಿ ನೋಡ್ಲವ್ವ, ಯಜಮಾನ್ರನ್ನೇ ನೋಡ್ತಿದ್ದೆ."

ಸುಜಯ್‌ನ ಕೈಯಿಂದ ಫೋನು ಜಾರಿ ಕಾಲ ಬುಡಕ್ಕೆ ಬಿತ್ತು.

"ಯಾವ ಯಜಮಾನ್ರು?" ಎಂದಳು ವಿಭಾ. ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

"ಇನ್ಯಾರು, ಶ್ರೀಕಂಠಪ್ಪೋರು. ಸ್ಟೇಜ್ ಮ್ಯಾಲೆ ಮಾತಾಡೋರ್ನ ನಂಗೆ ಗುರ್ತು ಸಿಕ್ಕಕಿಲ್ವಾ? ಹಿಂದಿನ ಸೀಟಲ್ಲಿ ಕೂತಿದ್ರು. ಕೈ ಮುಗುದೆ, ತಿರುಗೂ ನೋಡ್ನಿಲ್ಲ. ಪಾಪ, ಮೈಗೆ ಉಸಾರಿಲ್ವೇನೋ ಕಣವ್ವ, ಈ ಬಿಸ್ಲಲ್ಲೂ ಕುತ್ಗೆ ಗಂಟ ಕಂಬ್ಳಿ ಹೊದ್ಸಿದ್ರು."